ಹಿತ್ತಲ ಗಿಡ ಮದ್ದಲ್ಲ, ಊಟ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವು ಬಳಸುವುದು ಬೇರೆ ಅರ್ಥದಲ್ಲಿ. ಹತ್ತಿರ ಇರುವುದರ ಬೆಲೆ ಹತ್ತಿರದವರಿಗೆ ತಿಳಿಯುವುದಿಲ್ಲ ಎಂಬುದು ಅದರ ಭಾವ. ವೈದ್ಯನಾದ ನಾನು ಆ ಗಾದೆಯನ್ನು ಅಕ್ಷರಶಃ ಒಪ್ಪುತ್ತೇನೆ. ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹೆಣ್ಣುಮಗಳಿಗೆ ಹಿತ್ತಲ ನುಗ್ಗೆಸೊಪ್ಪು ಮದ್ದಾಗಲಾರದು. ಆಕೆಗೆ ಕಬ್ಬಿಣಾಂಶದ ಮಾತ್ರೆಯೇ ಬೇಕು. ಆದರೆ ಮಾತ್ರೆ ಮುಗಿದ ಮೇಲೆ ಆಕೆಯ ಮುಖ ಮತ್ತೆ ಬಿಳಿಚಿಕೊಳ್ಳದಂತೆ ಕಾಯುವುದು ದಿನನಿತ್ಯದ ಊಟ. ಆ ಊಟದ ಒಂದು ಪಾಲನ್ನು ನಮ್ಮ ಬಿಸಿಲ ನಾಡಿನ ಹಿತ್ತಲಿನಲ್ಲಿಯೇ, ಬಚ್ಚಲದಿಂದ ಹರಿದು ಹೋಗುವ ನೀರಿನಲ್ಲಿಯೇ ಬೆಳೆದುಕೊಳ್ಳಬಹುದು.

ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದನ್ನು ಮೊದಲು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಪ್ರತಿ ಎರಡನೆಯ ಹೆಣ್ಣುಮಗಳಿಗೆ ಇದು ಇದೆ. ಆಕೆ ದವಾಖಾನೆಗೆ ಬರುವುದು ಸೊಂಟನೋವು, ಕೈಕಾಲು ಸೋಲು, ತಲೆಸುತ್ತು ಎಂದು. ರಕ್ತ ಪರೀಕ್ಷೆ ಮಾಡಿಸಿ ಎಂದರೆ 'ನನಗೇನ್ರಿ ಆಗೇದ' ಎನ್ನುತ್ತಾಳೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ ಇರಬೇಕು. ಏಳಕ್ಕಿಂತ ಕೆಳಗಿಳಿದರೆ ಅದು ಅಪಾಯದ ಮಟ್ಟ. ಆಗ ಆಸ್ಪತ್ರೆಯ ಚಿಕಿತ್ಸೆಯೇ ಬೇಕು, ಸೊಪ್ಪಿನ ಮಾತನ್ನು ಆಮೇಲೆ ಆಡಬಹುದು.

ನೀರಿನ ಲೆಕ್ಕ

ಇಟಗಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಮಹಾದೇವ ದೇವಾಲಯ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ.ಶ. 1112ರಲ್ಲಿ ಕಟ್ಟಿಸಿದ ಗುಡಿ ಅದು. 'ದೇವಾಲಯ ಚಕ್ರವರ್ತಿ' ಎಂದು ಶಾಸನದಲ್ಲಿ ಹೊಗಳಿಸಿಕೊಂಡದ್ದು. ಗುಡಿಯ ಬಳಿ ಮೆಟ್ಟಿಲುಗಳ ಪುಷ್ಕರಣಿಯೂ ಇದೆ. ಆ ಕಾಲದ ಕನ್ನಡ ಶಾಸನಗಳಲ್ಲಿ ದೇವರಿಗೆ ಹೊಲಗದ್ದೆಯ ಜೊತೆಗೆ ಹೂದೋಟವನ್ನೂ ದತ್ತಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಹೂವಿರಲಿ, ಪಲ್ಲೆಯಿರಲಿ, ನೀರಿನ ಲೆಕ್ಕ ಹಿಡಿಯದೆ ಬೆಳೆಯಲಾಗದು.

ಲೆಕ್ಕ ಬಹಳ ಸರಳ. ಐದು ಜನರ ಮನೆಯಲ್ಲಿ ಒಬ್ಬೊಬ್ಬರ ಸ್ನಾನಕ್ಕೆ ಹದಿನೈದು ಲೀಟರಿನ ಒಂದು ಬಕೆಟ್ ಎಂದರೂ ದಿನಕ್ಕೆ 75 ಲೀಟರ್ ನೀರು ಬಚ್ಚಲದಿಂದ ಹೊರಬೀಳುತ್ತದೆ. ಕಡುಬೇಸಿಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಆರೇಳು ಲೀಟರ್ ನೀರು ಸಾಕು. ಹಾಗಾದರೆ ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಜಾಗಕ್ಕೆ ಹೊಸದಾಗಿ ಒಂದು ಕೊಡ ನೀರನ್ನೂ ಸೇದಬೇಕಾಗಿಲ್ಲ. ಈಗ ಆ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನಿಮ್ಮ ಮನೆಯ ಹಿಂದೆ ಹೋಗಿ ನೋಡಿ. ಬಹಳಷ್ಟು ಮನೆಗಳಲ್ಲಿ ಅದು ಓಣಿಯ ರಾಡಿಯಾಗಿ, ಸೊಳ್ಳೆಯ ತವರಾಗಿ ನಿಂತಿರುತ್ತದೆ.

ಬಚ್ಚಲ ನೀರನ್ನು ಬಳಸುವುದಕ್ಕೂ ಒಂದು ಕ್ರಮವಿದೆ. ಬಚ್ಚಲದ ಬಾಯಲ್ಲಿ ಒಂದು ಸಣ್ಣ ಗುಂಡಿ ತೋಡಿ ಕೆಳಗೆ ಜಲ್ಲಿಕಲ್ಲು, ಮೇಲೆ ಮರಳು ಹಾಕಿ ನೀರನ್ನು ಅದರ ಮೂಲಕ ಹಾಯಿಸಿ. ಸೋಪಿನ ನೊರೆ, ಕೂದಲು, ಜಿಡ್ಡು ಅಲ್ಲಿಯೇ ಉಳಿಯುತ್ತವೆ. ಗುಂಡಿಯ ಅಂಚಿಗೆ ಬಾಳೆ ಅಥವಾ ಕೆಸು ನೆಟ್ಟರೆ ಅವು ಕೊಳೆನೀರನ್ನು ಸಂತೋಷವಾಗಿ ಹೀರುತ್ತವೆ. ನೀರನ್ನು ಬೇರಿಗೆ ಬಿಡಬೇಕೇ ಹೊರತು ಎಲೆಯ ಮೇಲೆ ಚಿಮುಕಿಸಬಾರದು. ಬಟ್ಟೆ ಒಗೆದ ಪುಡಿಸೋಪಿನ ನೀರು ಬೇಡ. ಅದರ ಉಪ್ಪಿನಿಂದ ನಮ್ಮ ಎರೆಮಣ್ಣು ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಹಸುಗೂಸಿನ ಬಟ್ಟೆ ತೊಳೆದ ನೀರಂತೂ ಹಿತ್ತಲಿಗೆ ಬರಲೇಬಾರದು. ಹಸಿಯಾಗಿ ತಿನ್ನುವ ಮೂಲಂಗಿ, ಸೌತೆ, ಕೊತ್ತಂಬರಿಗೆ ಒಳ್ಳೆಯ ನೀರೇ ಇರಲಿ. ಬಚ್ಚಲ ನೀರನ್ನು ಬೇಯಿಸಿ ತಿನ್ನುವ ಸೊಪ್ಪಿಗೆ, ಮರಗಳಿಗೆ, ಹೂವಿನ ಗಿಡಗಳಿಗೆ ಮೀಸಲಿಡಿ. ಅದನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಮರುದಿನ ಹಾಕುತ್ತೇನೆಂದರೆ ನಾತ ಹಿಡಿಯುತ್ತದೆ, ಸೊಳ್ಳೆಯೂ ಬರುತ್ತದೆ.

ಮಡಿಯನ್ನು ಏರಿಸಿ ಕಟ್ಟುವುದು ಮಲೆನಾಡಿನ ರೀತಿ. ನಮ್ಮಲ್ಲಿ ನೆಲಕ್ಕಿಂತ ನಾಲ್ಕು ಬೆರಳು ತಗ್ಗಿಸಬೇಕು, ಆಗ ನೀರು ಅಲ್ಲಿಯೇ ಇಂಗುತ್ತದೆ. ಗಿಡದ ಬುಡಕ್ಕೆ ಜೋಳದ ಕಣಿಕೆಯ ಚೂರು, ಒಣ ಎಲೆ, ಶೇಂಗಾದ ಹೊಟ್ಟು ಏನಾದರೂ ಮೂರು ಬೆರಳು ದಪ್ಪ ಹರಡಿ. ಬರಿಯ ನೆಲ ಬಿಸಿಲಿಗೆ ಕಾದಷ್ಟು ಮುಚ್ಚಿದ ನೆಲ ಕಾಯುವುದಿಲ್ಲ. ಬಳ್ಳಿಗಳಿಗೆ ಹಳೆಯ ಉಪಾಯವೊಂದಿದೆ: ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ಒಳ್ಳೆಯ ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕುವುದು. ನೀರು ಜಿನುಗಿ ಬೇರಿಗೆ ತಾನಾಗಿಯೇ ತಲುಪುತ್ತದೆ. ಇದಕ್ಕೆ ಸೋಪಿನ ನೀರು ಹಾಕಿದರೆ ಗಡಿಗೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ.

ಯಾವಾಗ ಏನು?

ಎಲ್ಲವನ್ನೂ ಎಲ್ಲ ಕಾಲದಲ್ಲಿ ಬೆಳೆಯಲು ಹೋಗಿ ಸೋತು ಕೈಬಿಡುವವರೇ ಹೆಚ್ಚು. ಮೆಂತೆ, ಪಾಲಕ, ಸಬ್ಬಸಿಗೆ, ಕೊತ್ತಂಬರಿ ತಂಪಿನ ಬೆಳೆಗಳು. ದಸರೆಯಿಂದ ಶಿವರಾತ್ರಿಯವರೆಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಾ ಹೋಗಿ. ಬಿಸಿಲು ಏರಿದೊಡನೆ ಅವು ಹೂವಿಗೆ ಬಂದು ಕಹಿಯಾಗುತ್ತವೆ. ಬೇಸಿಗೆಗೆ ರಾಜಗಿರಿ, ಬಸಳೆ, ಪುಂಡಿಪಲ್ಲೆ, ಚವಳಿಕಾಯಿ, ಬೆಂಡೆ ಸರಿ. ರಾಜಗಿರಿಯಂತೂ ಬಿತ್ತಿದ ಇಪ್ಪತ್ತೈದು-ಮೂವತ್ತು ದಿನಕ್ಕೆ ಅಡುಗೆಮನೆಗೆ ಬರುತ್ತದೆ. ಟೊಮ್ಯಾಟೊ ಗಿಡದ ಹೂವು ಉರಿಬಿಸಿಲಿಗೆ ಕಾಯಿ ಕಟ್ಟದೆ ಉದುರುತ್ತದೆ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ. ಹೀರೆ, ಸೌತೆ, ಹಾಗಲ, ಅವರೆಗಳನ್ನು ಮಿರಗದ ಮಳೆ ಬಿದ್ದ ಮೇಲೆ ಊರಿ, ಚಪ್ಪರಕ್ಕೆ ಹಬ್ಬಿಸಿ.

ನನ್ನನ್ನು ಕೇಳಿದರೆ ಒಂದೇ ಗಿಡಕ್ಕೆ ಜಾಗವಿರುವ ಮನೆಯವರು ನುಗ್ಗೆಯನ್ನೇ ನೆಡಬೇಕು. ಪಡುವಣ ದಿಕ್ಕಿಗೆ ನೆಟ್ಟರೆ ಮಧ್ಯಾಹ್ನದ ಮೇಲಿನ ಬಿಸಿಲಿಗೆ ತೆಳುವಾದ ನೆರಳಾಗುತ್ತದೆ, ಅದರ ಕೆಳಗೆ ಸೊಪ್ಪಿನ ಮಡಿ ಬದುಕುತ್ತದೆ. ಆಳೆತ್ತರಕ್ಕೆ ಸವರುತ್ತಾ ಇದ್ದರೆ ಎಲೆ ಕೈಗೆಟಕುವಂತೆ ಚಿಗುರುತ್ತಿರುತ್ತದೆ. ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶವಿದೆ. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಕಣ್ಣಿಗೆ ಬೇಕಾದ 'ಎ' ಜೀವಸತ್ವವನ್ನು ಕೊಡುವ ಕೆರೋಟಿನ್, ಜೊತೆಗೆ 'ಸಿ' ಜೀವಸತ್ವ ಧಾರಾಳವಾಗಿವೆ. ಕೊಪ್ಪಳ ಜಿಲ್ಲೆಯ ಅನೇಕ ಊರುಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ, ಬೇರೆ ದಾರಿ ಇಲ್ಲದಾಗ ಒಂದೂವರೆ ಮಿಲಿಗ್ರಾಂ ಮೀರಬಾರದು. ಇಂಥ ಊರಿನ ಮಕ್ಕಳ ಊಟದಲ್ಲಿ ಸುಣ್ಣಾಂಶ ಮತ್ತು 'ಸಿ' ಜೀವಸತ್ವ ಚೆನ್ನಾಗಿರಬೇಕೆಂದು ಸಲಹೆ ಮಾಡುತ್ತೇವೆ. ಆದರೆ ಸೊಪ್ಪು ತಿನ್ನುತ್ತೇವೆಂದು ಫ್ಲೋರೈಡ್ ನೀರು ಕುಡಿಯುವುದು ಸಲ್ಲದು. ಕುಡಿಯಲು ಶುದ್ಧ ನೀರೇ ಬೇಕು.

ಬೆಳೆದವಳ ತಾಟಿಗೆ

ಈಗ ಮುಖ್ಯವಾದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸಿಗೆ 19 ಸಾಕು. ನೂರು ಗ್ರಾಂ ನುಗ್ಗೆ ಅಥವಾ ರಾಜಗಿರಿ ಸೊಪ್ಪಿನಲ್ಲಿ ಸಿಗುವುದು ನಾಲ್ಕೂವರೆ ಮಿಲಿಗ್ರಾಂ ಆಸುಪಾಸು. ಸಸ್ಯಾಹಾರದ ಕಬ್ಬಿಣವನ್ನು ನಮ್ಮ ಕರುಳು ಹೀರುವುದೂ ಸ್ವಲ್ಪವೇ. ಆದ್ದರಿಂದಲೇ ಸೊಪ್ಪೊಂದೇ ಸಾಲದು ಎಂದದ್ದು. ಸಜ್ಜೆ, ಹೆಸರು, ಕಡಲೆ, ತಿನ್ನುವವರಾದರೆ ಮೊಟ್ಟೆ-ಮಾಂಸ ಎಲ್ಲವೂ ಸೇರಿ ಲೆಕ್ಕ ತುಂಬಬೇಕು.

ಹೀರುವಿಕೆಯನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿದೆ. ಪಲ್ಲೆಯನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಅದರ 'ಸಿ' ಜೀವಸತ್ವ ಕಬ್ಬಿಣವನ್ನು ಕರುಳಿನೊಳಗೆ ಎಳೆದುಕೊಳ್ಳಲು ನೆರವಾಗುತ್ತದೆ, ಕುದಿಸಿದರೆ ಆ ಜೀವಸತ್ವ ಹಾಳಾಗುತ್ತದೆ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ. ಎಣ್ಣೆಯಿಲ್ಲದೆ ಕೆರೋಟಿನ್ ಮೈಗೆ ಹತ್ತುವುದಿಲ್ಲ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ, ಮುಚ್ಚಿ ಬೇಯಿಸಿ, ಬೆಂದ ನೀರನ್ನು ಚೆಲ್ಲಬೇಡಿ. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ಕಡೆಯ ಚಟ ತಿಂದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಚಹಾ ಒಂದು ತಾಸು ತಡವಾಗಲಿ.

ಇಷ್ಟೆಲ್ಲ ಮಾಡಿದರೂ ರಕ್ತ ಏರದ ಮನೆಗಳಿವೆ. ವಿಚಾರಿಸಿದರೆ ಕಾರಣ ಹಿತ್ತಲಿನಲ್ಲಿ ಇರುವುದಿಲ್ಲ, ಅಡುಗೆಮನೆಯಲ್ಲಿರುತ್ತದೆ. ನೀರು ಹಾಕಿದವಳು, ಕಸ ತೆಗೆದವಳು, ಸೊಪ್ಪು ಸೋಸಿದವಳು ಕೊನೆಗೆ ಊಟಕ್ಕೆ ಕೂಡುತ್ತಾಳೆ. ಅಷ್ಟರಲ್ಲಿ ಪಲ್ಲೆಯ ಪಾತ್ರೆಯ ತಳದಲ್ಲಿ ಎಣ್ಣೆಯ ಪಸೆ ಮಾತ್ರ ಉಳಿದಿರುತ್ತದೆ. ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ಆಕೆಯ ಊಟ ಮುಗಿಯುತ್ತದೆ. ಈ ಪತ್ರಿಕೆ ಓದುತ್ತಿರುವ ಗಂಡಸರು ಇಂದು ರಾತ್ರಿ ಒಮ್ಮೆ ಆ ಪಾತ್ರೆಯೊಳಗೆ ಇಣುಕಿ ನೋಡಬೇಕು. ಗರ್ಭಿಣಿ ಸೊಸೆ, ಮುಟ್ಟು ಶುರುವಾದ ಮಗಳು, ಎದೆಹಾಲು ಕುಡಿಸುವ ತಾಯಿ, ಇವರ ಪಾಲನ್ನು ಮೊದಲೇ ತೆಗೆದಿಡುವುದು ಒಳ್ಳೆಯದು.

ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ.

ಚಪ್ಪಲಿ, ಸೊಳ್ಳೆ, ವಿಷ

ಹಸಿ ಮಣ್ಣಿನ ಹಿತ್ತಲು ರಕ್ತ ಕೊಡುವಂತೆ ರಕ್ತ ಕಸಿಯಲೂಬಹುದು. ಕೊಕ್ಕೆಹುಳುವಿನ ಮರಿಗಳು ತೇವವಾದ, ನೆರಳಿನ ಮಣ್ಣಿನಲ್ಲಿ ಬದುಕಿದ್ದು ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಮಕ್ಕಳನ್ನು ಹಿತ್ತಲಿನ ಮೂಲೆಯಲ್ಲಿ ಕೂಡಿಸುವ ರೂಢಿಯಿದ್ದರೆ ಇಂದೇ ಬಿಡಿಸಿ. ಗಿಡಕ್ಕೆ ನೀರು ಹಾಕುವಾಗ ಕಾಲಲ್ಲಿ ಚಪ್ಪಲಿ ಇರಲೇಬೇಕು, ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ. ಕುಡುಗೋಲು, ಮುಳ್ಳು ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ನೆನಪು ಮಾಡಿಕೊಳ್ಳಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ತೆರೆದ ಒಳ್ಳೆಯ ನೀರಿನಲ್ಲಿ. ಹೂಕುಂಡದ ಕೆಳಗಿನ ತಟ್ಟೆ, ಒಡೆದ ಗಡಿಗೆ, ಡ್ರಮ್ಮು ಎಲ್ಲವನ್ನೂ ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ಒಣಗಿಸಬೇಕು.

ಹೂವು ಬೇಡವೆಂದು ನಾನು ಹೇಳಲಾರೆ. ಮಲ್ಲಿಗೆ, ಕನಕಾಂಬರ, ದಾಸವಾಳ, ಚೆಂಡುಹೂವು ನಮ್ಮ ಬಿಸಿಲಿಗೆ ಒಗ್ಗಿದವು. ದೇವರಿಗೂ ಆಯಿತು, ಮುಡಿಗೂ ಆಯಿತು. ಹೂವಿದ್ದಲ್ಲಿಗೆ ಜೇನ್ನೊಣ ಬರುತ್ತದೆ, ಜೇನ್ನೊಣ ಬಂದರೆ ಸೌತೆ, ಕುಂಬಳದ ಬಳ್ಳಿ ಕಾಯಿ ಹಿಡಿಯುತ್ತದೆ. ಆದರೆ ಕಣಗಿಲೆಯ ವಿಷಯದಲ್ಲಿ ಎಚ್ಚರ. ನೀರು ಕೇಳುವುದಿಲ್ಲ, ಆಡು ಮುಟ್ಟುವುದಿಲ್ಲ ಎಂದು ಮನೆಮನೆಗೆ ಅದನ್ನು ನೆಟ್ಟಿದ್ದೇವೆ. ಕೆಂಪು, ಬಿಳಿ, ಹಳದಿ ಯಾವುದೇ ಇರಲಿ, ಎಲೆ-ಬೇರು-ಬೀಜವೆಲ್ಲ ಹೃದಯಕ್ಕೆ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಮಗು ಅಗಿದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂಡದೆ, ಒಂದು ಎಲೆಯನ್ನೂ ಜೊತೆಗೆ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.

ಅದಕ್ಕಿಂತ ದೊಡ್ಡ ವಿಷ ಹೊಲದಿಂದ ಬರುತ್ತದೆ. ಹತ್ತಿಗೆ ಹೊಡೆದು ಉಳಿದ ಕೀಟನಾಶಕವನ್ನು ಹಿತ್ತಲ ಬದನೆಗೆ ಸಿಂಪಡಿಸುವುದು, ನಾಳೆಯೇ ಆ ಕಾಯಿ ಹರಿದು ಅಡುಗೆ ಮಾಡುವುದು ಅಪರೂಪವೇನಲ್ಲ. ಹುಳಕ್ಕೆ ಬೇವಿನ ಬೀಜ ಸಾಕು: ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವ ಮನೆಗಳು ಇನ್ನೂ ಇವೆ. ಎಷ್ಟು ತೊಳೆದರೂ ಅದು ನೀರಿನ ಪಾತ್ರೆಯಾಗದು.

ಇನ್ನು ಪತ್ಯದ ಮಾತು. ಮೂತ್ರಪಿಂಡದಲ್ಲಿ ಕಲ್ಲಾದವರು ಪಾಲಕವನ್ನು ಮಿತವಾಗಿ ತಿನ್ನಬೇಕು. ಮೂತ್ರಪಿಂಡದ ಶಕ್ತಿ ಕುಂದಿದವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸುವ ಮೊದಲು ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.