ಕಲಿತದ್ದು ಲೆಕ್ಕಕ್ಕೆ ಬರಲಿ: ವೃತ್ತಿ ತರಬೇತಿಯಲ್ಲಿ ಘಟಕವಾರು ಕ್ರೆಡಿಟ್ ಪದ್ಧತಿ



ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿರುವ 29 ವಿಷಯಗಳಲ್ಲಿ 18ನೆಯದು ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ. ಆದರೂ ರಸ್ತೆ, ಚರಂಡಿ, ಕುಡಿಯುವ ನೀರಿಗೆ ನಮ್ಮ ಸಭೆಗಳಲ್ಲಿ ದೊರೆಯುವ ಸಮಯ ಈ ವಿಷಯಕ್ಕೆ ದೊರೆಯುವುದು ವಿರಳ.

ಸಮಸ್ಯೆ ಏನು?

ಹೊಲಿಗೆ ತರಬೇತಿಗೆ ಸೇರಿದ ಯುವತಿಯೊಬ್ಬಳು ಹೆರಿಗೆಯ ನಿಮಿತ್ತ ಎರಡು ತಿಂಗಳ ಬಳಿಕ ಅದನ್ನು ಬಿಡಬೇಕಾಯಿತೆನ್ನಿ. ಪೂರ್ಣ ಕೋರ್ಸಿಗೆ ಒಂದೇ ಪ್ರಮಾಣಪತ್ರವೆಂಬ ಹಳೆಯ ಪದ್ಧತಿಯಲ್ಲಿ ಆಕೆ ಕಲಿತದ್ದಕ್ಕೆ ದಾಖಲೆಯೇ ಇಲ್ಲ. ಮತ್ತೆ ಸೇರಿದರೆ ಮೊದಲಿನಿಂದಲೇ ಆರಂಭ. ನಾನು ಇಂಜಿನಿಯರಿಂಗ್ ಓದುವಾಗ ಒಂದು ವಿಷಯದಲ್ಲಿ ಅನುತ್ತೀರ್ಣನಾಗಿದ್ದೆ. ಉಳಿದ ವಿಷಯಗಳ ಅಂಕಗಳು ಹಾಗೆಯೇ ಉಳಿದವು. ಆ ಒಂದನ್ನಷ್ಟೇ ಮತ್ತೆ ಬರೆದೆ. ನನಗೆ ದೊರೆತ ಈ ಅವಕಾಶ ಹೊಲಿಗೆ ಕಲಿಯುವವಳಿಗೂ ದೊರೆಯಬೇಕಲ್ಲವೇ?

ಹೊಸ ಪದ್ಧತಿ

2023ರ ಏಪ್ರಿಲ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು ಹಾಗೂ ಕೌಶಲ್ಯ ತರಬೇತಿಗಳಿಗೆ ಒಂದೇ ಅಳತೆಗೋಲನ್ನು ನೀಡಿದೆ. 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್. ತರಗತಿಯ ಪಾಠವಷ್ಟೇ ಅಲ್ಲದೆ ಪ್ರಾಯೋಗಿಕ ಕೆಲಸ ಮತ್ತು ಉದ್ಯೋಗ ಸ್ಥಳದ ತರಬೇತಿಯೂ ಈ ಗಂಟೆಗಳಲ್ಲಿ ಸೇರುತ್ತವೆ.

300 ಗಂಟೆಗಳ ಕೋರ್ಸೊಂದನ್ನು ಉದಾಹರಣೆಗಾಗಿ ಹೀಗೆ ವಿಂಗಡಿಸಬಹುದು:

• ಯಂತ್ರದ ಬಳಕೆ ಮತ್ತು ನಿರ್ವಹಣೆ: 60 ಗಂಟೆ, 2 ಕ್ರೆಡಿಟ್
• ಅಳತೆ ಮತ್ತು ಕತ್ತರಿಸುವಿಕೆ: 90 ಗಂಟೆ, 3 ಕ್ರೆಡಿಟ್
• ಉಡುಪು ಹೊಲಿಗೆ: 120 ಗಂಟೆ, 4 ಕ್ರೆಡಿಟ್
• ಉದ್ಯೋಗ ಕೌಶಲ್ಯ: 30 ಗಂಟೆ, 1 ಕ್ರೆಡಿಟ್

ಮೊದಲೆರಡು ಘಟಕಗಳಲ್ಲಿ ಉತ್ತೀರ್ಣಳಾದವಳ 5 ಕ್ರೆಡಿಟ್ ಉಳಿದುಕೊಂಡರೆ, ಮರಳಿ ಬಂದಾಗ ಆಕೆ ಉಳಿದ 5ನ್ನಷ್ಟೇ ಗಳಿಸಬೇಕಾಗುತ್ತದೆ. ಕ್ರೆಡಿಟ್‌ಗಳ ಲೆಕ್ಕವಿಡಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಡಿಜಿಟಲ್ ಖಾತೆಯಿದೆ. ಡಿಜಿಲಾಕರ್ ಮೂಲಕ ಅದನ್ನು ತೆರೆಯಬಹುದು.

ಅನುಭವಕ್ಕೂ ಮನ್ನಣೆ

ನಮ್ಮ ನೀರುಗಂಟಿಗಳು ವಾಲ್ವ್ ದುರಸ್ತಿ, ಪೈಪ್ ಜೋಡಣೆ, ಕ್ಲೋರಿನೀಕರಣಗಳನ್ನು ವರ್ಷಗಳಿಂದ ಮಾಡುತ್ತಿದ್ದಾರೆ, ಕೈಯಲ್ಲಿ ಪ್ರಮಾಣಪತ್ರವಿಲ್ಲ. ಇಂತಹವರ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣೀಕರಿಸಲು ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯಿದೆ. ಬಲ್ಲದ್ದನ್ನು ಮತ್ತೆ ಕಲಿಸದೆ, ಕೊರತೆಯಿರುವ ಭಾಗವನ್ನಷ್ಟೇ ಕಲಿಸುವುದಕ್ಕೆ ಇದು ದಾರಿಯಾಗುತ್ತದೆ.

ಗಮನದಲ್ಲಿಡಬೇಕಾದ ಮಿತಿಗಳು

ಹಾಜರಾತಿಯೊಂದರಿಂದಲೇ ಕ್ರೆಡಿಟ್ ದೊರೆಯದು, ಮೌಲ್ಯಮಾಪನದಲ್ಲಿ ಉತ್ತೀರ್ಣರಾಗಬೇಕು. ಗಳಿಸಿದ ಕ್ರೆಡಿಟ್ ಬೇರೆ ಸಂಸ್ಥೆಯಲ್ಲಿ ತಾನಾಗಿಯೇ ಪ್ರವೇಶ ನೀಡುವುದಿಲ್ಲ; ಆ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. ಎಲ್ಲ ಕೋರ್ಸುಗಳಲ್ಲೂ ಬಿಡಿ ಘಟಕಗಳಿಗೆ ಪ್ರಮಾಣಪತ್ರ ದೊರೆಯುತ್ತದೆಂದೂ ಭಾವಿಸಬಾರದು. ಮುಖ್ಯವಾಗಿ, ಒಂದೆರಡು ಘಟಕ ಮುಗಿಸಿದವರು ಪೂರ್ಣ ಅರ್ಹತೆ ಪಡೆದಂತಲ್ಲ. ವೈರಿಂಗಿನ ಒಂದು ಘಟಕ ಕಲಿತವನನ್ನು ವಿದ್ಯುತ್ ಕಂಬ ಹತ್ತಿಸಿದರೆ ಜೀವಕ್ಕೇ ಅಪಾಯ.

ಪಂಚಾಯಿತಿ ಮಾಡಬಹುದಾದದ್ದು

1. ತರಬೇತಿ ಸಂಸ್ಥೆಯನ್ನು ಗ್ರಾಮಕ್ಕೆ ಆಹ್ವಾನಿಸುವ ಮೊದಲೇ ಮೂರು ಪ್ರಶ್ನೆ ಕೇಳುವುದು: ಕೋರ್ಸಿಗೆ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ ಮಾನ್ಯತೆ ಇದೆಯೇ? ಎಷ್ಟು ಕ್ರೆಡಿಟ್? ಮಧ್ಯದಲ್ಲಿ ಬಿಟ್ಟವರಿಗೆ ಏನು ದೊರೆಯುತ್ತದೆ? ಉತ್ತರವನ್ನು ಲಿಖಿತವಾಗಿ ಪಡೆಯುವುದು.
2. ತರಬೇತಿ ಬಿಟ್ಟವರ ಹಾಗೂ ಪ್ರಮಾಣಪತ್ರವಿಲ್ಲದ ಕುಶಲಕರ್ಮಿಗಳ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸುವುದು.
3. ಡಿಜಿಲಾಕರ್ ಖಾತೆ ತೆರೆಯಲು ಅರಿವು ಕೇಂದ್ರದಲ್ಲಿ ನೆರವು ಕಲ್ಪಿಸುವುದು.

ಚರ್ಚೆಗಾಗಿ

• ನಮ್ಮ ವಾರ್ಡಿನಲ್ಲಿ ತರಬೇತಿಯನ್ನು ಅರ್ಧಕ್ಕೆ ಬಿಟ್ಟವರು ಯಾರು? ಕಾರಣವೇನು?
• ಅವರಲ್ಲಿ ಮಹಿಳೆಯರೆಷ್ಟು?
• ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸೋಣವೇ?

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ