ಮನೆಯ ಹಿರಿಯ ತಾಯಿಯನ್ನು ಸ್ಮರಿಸುವ ಬಗೆ

ಓದತಕ್ಕ ಭಾಗಗಳು: ಆದಿಕಾಂಡ 23, ಜ್ಞಾನೋಕ್ತಿಗಳು 31:10-31, 2 ತಿಮೊಥೆಯನಿಗೆ 1:5.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಸೀಮೆಗಳ ನಮ್ಮ ಚಿಕ್ಕ ಸಭೆಗಳಲ್ಲಿ ಎಂಬತ್ತು ತೊಂಬತ್ತು ವರುಷ ಬಾಳಿದ ತಾಯಂದಿರು ಒಬ್ಬೊಬ್ಬರಾಗಿ ಕರ್ತನಲ್ಲಿ ನಿದ್ರೆಹೋಗುತ್ತಿದ್ದಾರೆ. ಅವರ ಸಮಾಧಿಯ ಬಳಿಯಲ್ಲಿ ನಾವು ಹೇಳುವುದೇನು? ಇಂಥವರ ಪತ್ನಿ, ಇಷ್ಟು ಮಕ್ಕಳ ತಾಯಿ, ದೇವಭಕ್ತೆ, ಸಂಸಾರವನ್ನು ಚೆನ್ನಾಗಿ ನಡಿಸಿದವರು. ಇವು ಸುಳ್ಳಲ್ಲ, ಆದರೆ ಒಬ್ಬ ತಾಯಿಯ ಹೆಸರನ್ನು ತೆಗೆದು ಮತ್ತೊಬ್ಬರ ಹೆಸರನ್ನು ಇಟ್ಟರೂ ಈ ಮಾತುಗಳು ಹಾಗೆಯೇ ಒಪ್ಪುವವು. ಮರಣದ ಪುಸ್ತಕದಲ್ಲಿ ಬರೆಯುವುದಕ್ಕಾಗಿ ಅಜ್ಜಿಯ ತೌರುಮನೆ ಯಾವುದೆಂದು ಕೇಳಿದಾಗ ಮೊಮ್ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದ್ದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ಸತ್ಯವೇದವು ಹಿರಿಯ ತಾಯಂದಿರನ್ನು ಸ್ಮರಿಸುವ ರೀತಿ ಹೀಗಿಲ್ಲ.

ಮೊದಲು ಸಾರಳನ್ನು ನೋಡುವಾ. ಸ್ತ್ರೀಯರಲ್ಲಿ ಸಾಯುವಾಗ ಇದ್ದ ವಯಸ್ಸನ್ನು ಸತ್ಯವೇದವು ತಿಳಿಸುವುದು ಇವಳೊಬ್ಬಳದನ್ನೇ: 127 ವರುಷ. ಆಕೆಯನ್ನು ಹೂಣಿಡುವುದಕ್ಕೆ ಅಬ್ರಹಾಮನ ಕೈಯಲ್ಲಿ ಒಂದು ಗೇಣು ನೆಲವೂ ಇರಲಿಲ್ಲ. ಹಿತ್ತಿಯರು ಧರ್ಮಕ್ಕೆ ಕೊಡುತ್ತೇವೆಂದರೂ ಆತನು ಒಪ್ಪದೆ ಊರ ಬಾಗಲಲ್ಲಿ ಎಲ್ಲರ ಮುಂದೆ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡುಕೊಂಡನು. ವಾಗ್ದಾನದ ದೇಶದಲ್ಲಿ ಆ ಕುಲಕ್ಕೆ ಮೊದಲು ಸ್ವಂತವಾದ ನೆಲವು ಒಬ್ಬ ಗೃಹಿಣಿಯ ಸಮಾಧಿಯೇ. ರೆಬೆಕ್ಕಳ ಮರಣವಂತೂ ಆದಿಕಾಂಡದಲ್ಲಿ ವರ್ಣಿಸಲ್ಪಟ್ಟೇ ಇಲ್ಲ. ಮುದುಕನಾದ ಯಾಕೋಬನು ಐಗುಪ್ತದಲ್ಲಿ ಸಾಯುವ ಹಾಸಿಗೆಯ ಮೇಲೆ, ಆಕೆಯನ್ನು ಹೂಣಿಟ್ಟದ್ದು ಮಕ್ಪೇಲದಲ್ಲಿಯೇ ಎಂದು ಮಕ್ಕಳಿಗೆ ಹೇಳಿದ್ದರಿಂದ (49:31) ಮಾತ್ರ ಅದು ನಮಗೆ ತಿಳಿದಿದೆ. ಅವನು ಆ ಒಂದು ಮಾತನ್ನು ಆಡದೆ ಕಣ್ಣುಮುಚ್ಚಿದ್ದರೆ?

ಇನ್ನು ಜ್ಞಾನೋಕ್ತಿಯ 31ನೆಯ ಅಧ್ಯಾಯ. ಗುಣವತಿಯಾದ ಹೆಂಡತಿಯನ್ನು ಕುರಿತಾದ ಈ 22 ವಚನಗಳು ಇಬ್ರಿಯ ಭಾಷೆಯ 22 ಅಕ್ಷರಗಳಿಂದ ಕ್ರಮವಾಗಿ ಮೊದಲಾಗುತ್ತವೆ. ಮಕ್ಕಳಿಗೆ ಬಾಯಿಪಾಠಕ್ಕೆ ಅನುಕೂಲ. ನಾವು ಗುಣವತಿ ಎಂದು ಹೇಳುವಲ್ಲಿ ಮೂಲದಲ್ಲಿ ಇರುವ ಹಯಿಲ್ ಎಂಬ ಪದಕ್ಕೆ ಬಲ, ಸಂಪತ್ತು, ಸೈನ್ಯ ಎಂಬ ಅರ್ಥಗಳೂ ಉಂಟು. ಬೋವಜನು ರೂತಳನ್ನು ಕರೆದದ್ದೂ ಇದೇ ಪದದಿಂದ. ಈ ಪದ್ಯವು ಸೌಂದರ್ಯವನ್ನು ನೆಚ್ಚಬಾರದೆಂದು ಹೇಳಿ, ದೇವಭಯವನ್ನು ಒಂದೇ ಸಲ, ಕೊನೆಯಲ್ಲಿ, ಎತ್ತುತ್ತದೆ. ಉಳಿದದ್ದೆಲ್ಲಾ ಕೆಲಸ: ಉಣ್ಣೆ, ನಾರು, ಕತ್ತಲಿರುವಾಗಲೇ ಏಳುವುದು, ಹೊಲ ನೋಡಿ ಕೊಳ್ಳುವುದು, ರಾತ್ರಿಯಲ್ಲಿ ಆರದ ದೀಪ, ಬಡವರಿಗೆ ಚಾಚಿದ ಕೈ. ಈ ಕೆಲಸಗಳೇ ಊರಬಾಗಲಲ್ಲಿ ಆಕೆಯನ್ನು ಹೊಗಳಲಿ ಎಂಬುದು ಕಡೆಯ ಅಪೇಕ್ಷೆ. ಊರಬಾಗಲೆಂದರೆ ಹಿರಿಯರು ಕೂತು ನ್ಯಾಯ ಮಾತಾಡುವ ಸ್ಥಳ. ಒಲೆಯ ಮುಂದಿನ ಕೆಲಸವನ್ನು ಆ ಸ್ಥಳದಲ್ಲಿ ಎತ್ತಿ ಹೇಳಬೇಕೆಂಬುದು ಸಣ್ಣ ಮಾತಲ್ಲ.

ನಮ್ಮ ಸೀಮೆಯಲ್ಲಿ ಆರದ ದೀಪವೆಂದರೆ ಯಾವುದು? ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳಲ್ಲಿ ಅದು ಚಿಮಿಣಿ ದೀಪ. ಅದರ ಬೆಳಕಿನಲ್ಲಿ ಎಲೆ ಕತ್ತರಿಸಿ ಬೀಡಿ ಕಟ್ಟಿ ಆ ದುಡ್ಡಿನಿಂದ ತಾಯಂದಿರು ಮಕ್ಕಳ ಶಾಲೆಯ ಫೀಸು ಕಟ್ಟಿದರು. (ಬೀಡಿ ಸೇದುವುದನ್ನು ನಾವು ಮೆಚ್ಚುವವರಲ್ಲ, ಕಟ್ಟಿದ ಕೈಗಳನ್ನು ಮರೆಯುವುದು ಅದಕ್ಕಿಂತಲೂ ಕೆಟ್ಟದ್ದು.) ಹಟ್ಟಿಗೆ ಸೊಪ್ಪು ತಂದದ್ದು, ಭತ್ತ ಬೇಯಿಸಿ ಒಣಗಿಸಿದ್ದು, 1974ರ ನೇತ್ರಾವತಿಯ ನೆರೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದ್ದು, ಪ್ರತಿದಿನ ಅನ್ನಕ್ಕೆ ಅಕ್ಕಿ ಹಾಕುವಾಗ ದೇವರ ಕೆಲಸಕ್ಕೆಂದು ಒಂದು ಹಿಡಿ ತೆಗೆದಿಟ್ಟದ್ದು, ಇವೆಲ್ಲಾ ಹೇಳತಕ್ಕವುಗಳೇ. ಮೂಡಬಿದ್ರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರೀಕುಂಜರವೆಂಬ ಕೆತ್ತನೆಯನ್ನು ನೋಡಿದವರು ನಿಮ್ಮಲ್ಲಿ ಇರುವಿರಿ. ಒಂಬತ್ತು ಹೆಂಗಸರು ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ. ದೂರದಿಂದ ಕಾಣುವುದು ಆನೆ; ಹತ್ತಿರ ಹೋಗಿ ಎಣಿಸಿದರೆ ಮಾತ್ರ ಹೆಂಗಸರು. ನಮ್ಮ ಕುಟುಂಬಗಳೂ ಹಾಗೆಯೇ.

ಇಲ್ಲಿ ಮತ್ತೊಂದು ಸಂಗತಿ. ಈ ನಾಡಿನ ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ವಂಶವನ್ನು ತಾಯಿಯಿಂದ ಎಣಿಸುವ ವಾಡಿಕೆ. ಬರಿಯು ಬರುವುದು ತಾಯಿಯಿಂದಲೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಸಭೆಗಳಿಗೆ ಸೇರಿದ ನಮ್ಮ ಪೂರ್ವಿಕರಲ್ಲಿ ಅನೇಕರು ಬಿಲ್ಲವರಾಗಿದ್ದು ಅಂಥ ಮನೆಗಳಿಂದ ಬಂದವರು. ಸಭೆಯಲ್ಲಿ ಅಡ್ಡಹೆಸರು ತಂದೆಯಿಂದ ನಡೆದು ಬಂತು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ತಾಯಿಯ ಹೆಸರನ್ನು ಬಿಡುವುದು ಕ್ರೈಸ್ತ ಕ್ರಮವೆಂದು ಯಾರಾದರೂ ತಿಳಿದರೆ ಅರಸುಗಳ ಪುಸ್ತಕಗಳನ್ನು ಓದಲಿ. ಯೆಹೂದದ ಅರಸರಲ್ಲಿ ಯೆಹೋರಾಮ, ಆಹಾಜ ಎಂಬಿಬ್ಬರ ಹೊರತು ಮಿಕ್ಕವರ ವಿಷಯದಲ್ಲಿ ತಾಯಿಯ ಹೆಸರನ್ನು ಬರೆದದೆ. ತಿಮೊಥೆಯನ ತಂದೆ ಗ್ರೀಕನೆಂದಷ್ಟೇ ನಮಗೆ ಗೊತ್ತು; ಹೆಸರು ತಿಳಿಯದು. ತಾಯಿ ಯೂನಿಕೆ, ಅಜ್ಜಿ ಲೋವಿ ಎಂಬ ಹೆಸರುಗಳನ್ನು ಪೌಲನು ಬಂಧನದಲ್ಲಿದ್ದು ಬರೆದನು. ಹೊಸ ಒಡಂಬಡಿಕೆಯ ಮೂಲದಲ್ಲಿ ಅಜ್ಜಿ ಎಂಬ ಪದವು ಆ ಒಂದೇ ವಚನದಲ್ಲಿ ಬರುತ್ತದೆ.

ಲೋವಿಯು ಮೊಮ್ಮಗನಿಗೆ ಯಾವ ಭಾಷೆಯಲ್ಲಿ ಕಲಿಸಿದಳೋ ಬರೆದಿಲ್ಲ. ನಮ್ಮ ಅಜ್ಜಿಯರು ಕನ್ನಡದಲ್ಲಿ ಹಾಡಿದರೂ ಒಲೆಯ ಬಳಿ ಪ್ರಾರ್ಥಿಸಿದ್ದು ತುಳುವಿನಲ್ಲಿ. ತುಳು ಹೊಸ ಒಡಂಬಡಿಕೆಯು 1847ರಷ್ಟು ಹಿಂದೆಯೇ ಮಂಗಳೂರಿನ ಮಿಷನ್ ಛಾಪಖಾನೆಯಲ್ಲಿ ಅಚ್ಚಾಯಿತು. ಓದುಬಾರದ ತಾಯಂದಿರು ಕೇಳಿಯೇ ಅದರ ಭಾಗಗಳನ್ನು ಹೃದಯದಲ್ಲಿ ಇಟ್ಟುಕೊಂಡರು. ಆ ಪ್ರಾರ್ಥನೆಯ ಮಾತುಗಳನ್ನು ತುಳುವಿನಲ್ಲೇ ಬರಕೊಳ್ಳಿರಿ. ಕನ್ನಡಕ್ಕೆ ತಿರುಗಿಸಿ ಚಂದಮಾಡಬೇಡಿರಿ.

ಹೊಗಳಿಕೆಯಲ್ಲಿ ಮಿತಿಯೂ ಇರಲಿ. ಸಾರಳು ದೇವದೂತರ ಮಾತಿಗೆ ನಕ್ಕದ್ದನ್ನೂ ಹಾಗರಳನ್ನು ಬಾಧಿಸಿದ್ದನ್ನೂ ಆದಿಕಾಂಡವು ಮುಚ್ಚಿಡಲಿಲ್ಲ. ಸೊಸೆಯಂದಿರಿಗೆ ಅತ್ತೆಯ ನಾಲಿಗೆಯ ಚುರುಕು ಗೊತ್ತೇ ಇರುವಾಗ ಆಕೆಯನ್ನು ದೇವದೂತಳೆಂದು ಸಾರಿದರೆ ಅವರು ಉಳಿದ ನಿಜವನ್ನೂ ನಂಬಲಾರರು.

ಈ ಪಾಠವನ್ನು ಮನೆಕೂಟದಲ್ಲಿ ಓದುವ ಸಭೆಗಳು ಹೀಗೆ ಮಾಡಬಹುದು. ಎಂಬತ್ತು ದಾಟಿದ ತಾಯಿ ಯಾವ ಮನೆಯಲ್ಲಿರುವರೋ ಅಲ್ಲಿಯೇ ಕೂಟ ನಡೆಯಲಿ. ವಚನಗಳನ್ನು ಓದಿದ ಬಳಿಕ ಒಬ್ಬ ಮೊಮ್ಮಗಳು ಪುಸ್ತಕ ಹಿಡುಕೊಂಡು ಕೇಳಲಿ: ಅಜ್ಜೀ, ನಿಮ್ಮ ತೌರು ಎಲ್ಲಿ, ನಿಮ್ಮ ಅಮ್ಮನ ಹೆಸರೇನು, ದೀಕ್ಷಾಸ್ನಾನ ಕೊಟ್ಟ ಅಯ್ಯನವರು ಯಾರು, ಮೊದಲು ಕಲಿತ ಕೀರ್ತನೆ ಯಾವುದು, ಹೂಣಿಟ್ಟ ಮಕ್ಕಳೆಷ್ಟು? ಕಡೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಬೇಕು. ಆ ಕಾಲದ ಬಹಳ ಮಂದಿ ತಾಯಂದಿರಲ್ಲಿ ಯಾರಿಗೂ ಹೇಳದ ಒಂದೆರಡು ಹೆಸರುಗಳು ಉಂಟು. ಹಿಂದಿನ ಸಂಗತಿಗಳಿಗಾಗಿ ಅವಸರಪಡಿಸದೆ, ಅವರು ದಣಿದರೆ ಪ್ರಾರ್ಥನೆ ಮಾಡಿ ಎದ್ದು, ಮುಂದಿನ ವಾರ ತಿರಿಗಿ ಹೋಗಿರಿ.