ಮೊದಲು ಕುಳಿತು ಲೆಕ್ಕ: ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೇ?

ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟುವವನ ಸಾಮತಿಯನ್ನು ಹೇಳುತ್ತಾರೆ. ಅಡಿಪಾಯ ಹಾಕಿ, ಹಣ ಸಾಲದೆ ಕೈಬಿಟ್ಟವನನ್ನು ಕಂಡು ಜನ ನಗುತ್ತಾರೆ. ಶಿಷ್ಯರಾಗುವುದರ ಬೆಲೆಯನ್ನು ತಿಳಿಸಲು ಹೇಳಿದ ಮಾತದು. ಆದರೆ ಪ್ರಭು ಉದಾಹರಣೆಯನ್ನು ಆರಿಸಿದ್ದು ಮನೆಯ ಲೆಕ್ಕದಿಂದಲೇ ಎಂಬುದನ್ನು ನಾವು ಮರೆಯಬಾರದು.

ಮಾನ್ವಿ, ದೇವದುರ್ಗ ಸೀಮೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಊರು ಕೃಷ್ಣೆಯ ದಡದ ಗೂಗಲ್ ಎಂದೇ ಇರಲಿ. (1998ರಲ್ಲಿ ಹುಟ್ಟಿದ ಅಮೆರಿಕದ ಕಂಪನಿಗಿಂತ ಬಹಳ ಮೊದಲೇ ಆ ಹೆಸರು ನಮ್ಮದು!) ಹತ್ತಿ, ಭತ್ತ ಮಾರಿದಾಗ ಮಾತ್ರ ದುಡ್ಡು ಕಾಣುವ ಮನೆ. ಮಗ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತಾನೆ. ಮಗಳ ನರ್ಸಿಂಗ್ ಫೀಜು ಕಟ್ಟಬೇಕಾಗಿದೆ. “ಅಪ್ಪಾ, ಇಪ್ಪತ್ತೈದು ಸಾವಿರದ ಕಾರ್ಡ್ ಹಾಕಿದ್ರ ಕೆಲಸ ಜಲ್ದಿ ಆಗ್ತದ” ಎನ್ನುತ್ತಾನೆ ಮಗ. ತಂದೆಗೆ ಕಾರ್ಡ್ ಎಂದರೆ ರೇಷನ್ ಕಾರ್ಡು. ಏನು ಹೇಳಬೇಕು?

ಮೊದಲು ಕೇಳಬೇಕಾದದ್ದು, ಕೆಲಸ ಎಲ್ಲಿ ನಿಲ್ಲುತ್ತಿದೆ ಎಂಬುದನ್ನು. ವಿಂಡೋಸ್ ಕಂಪ್ಯೂಟರಿನಲ್ಲಿ ಎಡಿಟಿಂಗ್ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಹಾರ್ಡ್ ಡಿಸ್ಕ್ 100ಕ್ಕೆ ಮುಟ್ಟಿ, ಗ್ರಾಫಿಕ್ಸ್ 20ರಲ್ಲೇ ಇದ್ದರೆ ಹೊಸ ಕಾರ್ಡ್ ಹಾಕಿಯೂ ಪ್ರಯೋಜನವಿಲ್ಲ. ಅಂಥ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು, ಖರ್ಚೂ ಕಡಿಮೆ. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಸಾಲದು ಎಂದರ್ಥ. ಬಣ್ಣ ತಿದ್ದುವಾಗ, ಎಫೆಕ್ಟ್ ಹಾಕುವಾಗ ಗ್ರಾಫಿಕ್ಸ್ ಅಂಕಿಯೇ ಮೇಲೇರಿ ನಿಂತರೆ ಮಾತ್ರ ಮಗನ ಮಾತಿನಲ್ಲಿ ಹುರುಳಿದೆ.

ಎರಡನೆಯದು, ಉಳಿದ ಸಮಯ ಹಣವಾಗುತ್ತದೆಯೇ? ವರ್ಷಕ್ಕೆ 20 ಮದುವೆ, ಒಂದೊಂದಕ್ಕೆ 2 ಗಂಟೆ ಉಳಿತಾಯ ಎನ್ನೋಣ. ಒಟ್ಟು 40 ಗಂಟೆ. ಆ ಗಂಟೆಗಳಲ್ಲಿ ಇನ್ನೂ 5 ಮದುವೆಯ ಕೆಲಸ ಹಿಡಿದು, ತಲಾ 3,000 ರೂಪಾಯಿ ಕೈಗುಳಿದರೆ ವರ್ಷಕ್ಕೆ 15,000. 20 ತಿಂಗಳಲ್ಲಿ ಕಾರ್ಡಿನ ಹಣ ಮರಳಿತು. ಆರ್ಡರ್ ಹೆಚ್ಚದಿದ್ದರೆ ಮಗ ಬೇಗ ಮಲಗಬಹುದು, ಅಷ್ಟೇ. ಅದೂ ಸಣ್ಣ ಲಾಭವಲ್ಲ ಎನ್ನಿ, ಆದರೆ ಫೀಜಿಗಿಂತ ಮುಂದೆ ನಿಲ್ಲುವಂಥದ್ದಲ್ಲ. ಆಷಾಢದಲ್ಲಿ ಮದುವೆಗಳೇ ಇರುವುದಿಲ್ಲ. ಕಂತಿನಲ್ಲಿ ಕೊಂಡವರಿಗೆ ಆ ತಿಂಗಳೂ ಕಂತು ತಪ್ಪುವುದಿಲ್ಲ.

ಅಂಗಡಿಯವರು ಹೇಳದೆ ಬಿಡುವ ಖರ್ಚೂ ಉಂಟು. ಜಿಟಿಎಕ್ಸ್ 1650ರಂಥ ಸಣ್ಣ ಕಾರ್ಡ್ ಸುಮಾರು 75 ವಾಟ್ ಎಳೆದರೆ, ಆರ್‌ಟಿಎಕ್ಸ್ 3060 ಸುಮಾರು 170 ವಾಟ್ ಎಳೆಯುತ್ತದೆ. ಇದಕ್ಕೆ 550 ವಾಟಿನ ಎಸ್‌ಎಂಪಿಎಸ್ ಬೇಕೆಂದು ತಯಾರಕರೇ ಸೂಚಿಸಿದ್ದಾರೆ. ಹಳೆಯ ಡಬ್ಬಿಯಲ್ಲಿ ಅಷ್ಟು ಶಕ್ತಿ ಇಲ್ಲದಿದ್ದರೆ ಅದನ್ನೂ ಬದಲಿಸಬೇಕು. ಜೊತೆಗೆ ಯುಪಿಎಸ್ಸು. 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಬೇಸಿಗೆಯಲ್ಲಿ, ತಗಡಿನ ಸೂರಿನಡಿ ಅದರ ಬಿಸಿ ಬೇರೆ.

ಇಷ್ಟಾದ ಮೇಲೂ ಕಷ್ಟದ ಪ್ರಶ್ನೆಯೊಂದು ಉಳಿಯುತ್ತದೆ. ಕಾರ್ಡ್ ಬೇಕಾಗಿರುವುದು ಕೆಲಸಕ್ಕೋ, ಆಟಕ್ಕೋ? ಆಟವಾಡುವುದು ಪಾಪವಲ್ಲ. ಆದರೆ ಆಟಕ್ಕೆ ಕೇಳಿ “ಕೆಲಸಕ್ಕೆ” ಎಂದರೆ ತಂಗಿಯ ಫೀಜಿನ ಹಣವನ್ನು ಸುಳ್ಳು ಹೇಳಿ ಪಡೆದಂತಾಯಿತು. ಹಾಗೆಂದು ತಂದೆಯಾದವರು ಕೇಳಿಸಿಕೊಳ್ಳದೆಯೇ “ಆಗೂದಿಲ್ಲ” ಎಂದು ಎದ್ದು ಹೋಗುವುದೂ ನ್ಯಾಯವಲ್ಲ. ಬಾಯಿ ಬಿಟ್ಟರೆ ಬೈಗುಳವೇ ಎಂದು ತಿಳಿದ ಮಕ್ಕಳು ಸುಳ್ಳನ್ನು ಬೇಗ ಕಲಿಯುತ್ತಾರೆ. ಸಂಜೆಯ ಜಪಸರದ ನಂತರ ತಾಯಿ, ತಂಗಿ ಎಲ್ಲರೂ ಕುಳಿತಿರುವಾಗಲೇ ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆಯಲಿ. ತಂಗಿಗೂ ಮಾತಾಡಲು ಬಿಡಲಿ. ಹಣ ಅವಳದೂ ಹೌದು.

ಕೊಳ್ಳುವುದೆಂದೇ ನಿಶ್ಚಯವಾದರೆ ಬಳಸಿದ ಕಾರ್ಡನ್ನೂ ನೋಡಬಹುದು, ಎಚ್ಚರಿಕೆಯಿಂದ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣ ತನ್ನ ಪದ್ಧತಿ ಬದಲಿಸಿದಾಗ, ಅದಕ್ಕಾಗಿ ಹಗಲಿರುಳು ದುಡಿದ ಕಾರ್ಡುಗಳು ಹಳೆ ಮಾಲಿನ ಪೇಟೆಗೆ ಬಂದವು. ಮೂಲ ಬಿಲ್ಲು ಕೇಳಿರಿ, ಗ್ಯಾರಂಟಿ ಉಳಿದಿದೆಯೇ ನೋಡಿರಿ. ಹಣ ಕೊಡುವ ಮೊದಲು ನಿಮ್ಮದೇ ಒಂದು ಮದುವೆ ವಿಡಿಯೊವನ್ನು ಅದರ ಮೇಲೆ ಅರ್ಧ ಗಂಟೆ ಓಡಿಸಿ ನೋಡಿರಿ.